‘ಎರಡೇ ವರ್ಷ’ ಅನ್ನೋ ಲೆಕ್ಕ

ನಮ್ಮ ಕ್ಯಾಂಪಸ್ಸಲ್ಲಿ ವಿದೇಶಕ್ಕೆ ಹೋಗೋ ವಿಷಯ ಬಂದರೆ ಚರ್ಚೆ ಯಾವಾಗಲೂ ಒಂದೇ ದಾರಿ ಹಿಡಿಯುತ್ತೆ. ಒಬ್ಬ, ‘ಇಲ್ಲಿ ಓದಿ ಅಲ್ಲಿ ದುಡಿಯೋರು ಸ್ವಾರ್ಥಿಗಳು’ ಅಂತಾನೆ. ಇನ್ನೊಬ್ಬ, ‘ಇಲ್ಲೇನಿದೆ ಮಾರಾಯ, ಮೂರೂವರೆ ಲಕ್ಷದ ಪ್ಯಾಕೇಜು, ಸಿಲ್ಕ್ ಬೋರ್ಡ್ ಟ್ರಾಫಿಕ್ಕು’ ಅಂತಾನೆ. ಅರ್ಧ ಗಂಟೆ ಕೂಗಾಡಿದ ಮೇಲೆ ಇಬ್ಬರೂ ಒಂದು ಮಾತಿಗೆ ಒಪ್ಪುತ್ತಾರೆ: ‘ಎರಡು ವರ್ಷ ಎಂಎಸ್, ಎರಡು ವರ್ಷ ಕೆಲಸ, ಸಾಲ ತೀರಿಸಿ ವಾಪಸ್.’ ನಾನು ಬರೀತಿರೋದು ಈ ಕೊನೆ ಮಾತಿನ ಬಗ್ಗೆ.

ಹೋಗೋದು ತಪ್ಪು ಅಂತ ನನಗೆ ಅನ್ನಿಸಲ್ಲ. ಉಳಿಯೋದು ದಡ್ಡತನ ಅಂತಾನೂ ಅನ್ನಿಸಲ್ಲ. ಆದರೆ ‘ಎರಡೇ ವರ್ಷ’ ಅನ್ನೋದು ಹೋಗುವ ನಿರ್ಧಾರವೂ ಅಲ್ಲ, ಬರುವ ನಿರ್ಧಾರವೂ ಅಲ್ಲ. ನಿರ್ಧಾರ ಮಾಡದೆ ತಪ್ಪಿಸಿಕೊಳ್ಳೋಕೆ ನಾವು ಕಂಡುಹಿಡಿದ ಮಾತು ಅದು. ಅದರ ಬೆಲೆ ಕೊಡೋರು ನಾವಲ್ಲ, ಮನೆಯಲ್ಲಿ ಉಳಿದವರು.

ಮೊದಲು ಲೆಕ್ಕ ನೋಡೋಣ, ಹೇಗೂ ನಾವು ಎಂಜಿನಿಯರುಗಳು. ಅಮೆರಿಕವನ್ನೇ ತಗೊಳ್ಳಿ. ಒಬ್ಬ 22 ವರ್ಷದವನು 40 ಲಕ್ಷ ಸಾಲ ಮಾಡಿ ಹೋದ ಅಂತಿಟ್ಟುಕೊಳ್ಳಿ. ಶೇ. 11 ಬಡ್ಡಿ, ಹತ್ತು ವರ್ಷದ ಅವಧಿ ಅಂದರೆ ತಿಂಗಳ ಕಂತು ಸುಮಾರು 55,000 ರೂಪಾಯಿ. ಬೆಂಗಳೂರಲ್ಲಿ ಫ್ರೆಶರ್ ಸಂಬಳದಲ್ಲಿ ಇದನ್ನು ಕಟ್ಟೋಕಾಗಲ್ಲ. ಅಂದಮೇಲೆ ಡಿಗ್ರಿ ಮುಗಿದ ತಕ್ಷಣ ಬರೋ ಬಾಗಿಲನ್ನು ಸಾಲದ ಪತ್ರಕ್ಕೆ ಸಹಿ ಹಾಕುವಾಗಲೇ ಮುಚ್ಚಿಬಿಟ್ಟಿರ್ತೀವಿ.

ಓದು ಮುಗಿದ ಮೇಲೆ ಒಪಿಟಿ ಒಂದು ವರ್ಷ, ನಮ್ಮಂಥ ವಿಜ್ಞಾನ–ತಂತ್ರಜ್ಞಾನ ವಿಷಯದವರಿಗೆ ಇನ್ನೆರಡು ವರ್ಷ. ಅಷ್ಟರೊಳಗೆ ಎಚ್-1ಬಿ ಸಿಗಬೇಕು. ವರ್ಷಕ್ಕೆ ಇರೋದು 65,000, ಅಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಪ್ರತ್ಯೇಕವಾಗಿ 20,000. ಅರ್ಜಿ ಅದಕ್ಕಿಂತ ಎಷ್ಟೋ ಜಾಸ್ತಿ, ಹಾಗಾಗಿ ಆಯ್ಕೆಯಲ್ಲಿ ಹೆಸರು ಬರಬೇಕು. ಬಂದರೆ ಮೂರು ವರ್ಷ, ಮತ್ತೆ ಮೂರು ವರ್ಷ. ಕೆಲಸ ಹೋದರೆ ಹೊಸ ಕಂಪನಿ ಹುಡುಕೋಕೆ ಸಿಗೋದು 60 ದಿನ. ಆರು ವರ್ಷದ ಆಚೆಗೂ ಇರಬೇಕಂದ್ರೆ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿರಬೇಕು.

ಆ ಸಾಲು ಎಷ್ಟು ಉದ್ದ ಅಂದರೆ, ಉದ್ಯೋಗದ ಆಧಾರದ ಗ್ರೀನ್ ಕಾರ್ಡು ಇಡೀ ಜಗತ್ತಿಗೆ ವರ್ಷಕ್ಕೆ ಸುಮಾರು 1,40,000. ಗಂಡ, ಹೆಂಡತಿ, ಮಕ್ಕಳು ಎಲ್ಲರನ್ನೂ ಸೇರಿಸಿಯೇ ಇಷ್ಟು. ಅದರಲ್ಲಿ ಒಂದು ದೇಶಕ್ಕೆ ಸಾಮಾನ್ಯ ಮಿತಿ ಶೇ. 7. ಚಿಕ್ಕ ದೇಶಕ್ಕೂ ಅಷ್ಟೇ, ಭಾರತಕ್ಕೂ ಅಷ್ಟೇ. ಮಾಸ್ಟರ್ಸ್ ಮಾಡಿದವರು ಸಾಮಾನ್ಯವಾಗಿ ನಿಲ್ಲೋ ಇಬಿ-2 ಸಾಲಿನಲ್ಲಿ 2025ರ ಮಧ್ಯದಲ್ಲಿ ಭಾರತೀಯರ ಪೈಕಿ ಸರದಿ ಬಂದಿದ್ದದ್ದು 2013ರ ಜನವರಿಗಿಂತ ಮೊದಲು ಸಾಲು ಸೇರಿದವರಿಗೆ. ಅವರು ಸೇರಿದಾಗ ನಾನು ಇನ್ನೂ ಸ್ಲೇಟು ಹಿಡೀತಿದ್ದೆ. ಈಗ ಸೇರುವವರ ಕಾಯುವಿಕೆ ಇನ್ನೂ ಉದ್ದ ಇರುತ್ತೆ.

ಇದರ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರು ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದರು. ಅಲ್ಲೇ ಓದಿ ಅಲ್ಲೇ ವೀಸಾ ಬದಲಾಯಿಸಿಕೊಳ್ಳುವವರಿಗೆ ಇದು ಅನ್ವಯಿಸಲ್ಲ ಅಂತ ಆಮೇಲೆ ಸ್ಪಷ್ಟನೆ ಬಂತು. ಆದರೆ ಇದರ ಪರಿಣಾಮ ಗಮನಿಸಿ. ಒಳಗಿದ್ದವರು ಒಮ್ಮೆ ಬಿಟ್ಟು ಬಂದರೆ ಮತ್ತೆ ಹೋಗೋದು ಕಷ್ಟ ಅನ್ನೋ ಭಯ. ‘ಒಂದೆರಡು ವರ್ಷ ಊರಲ್ಲಿದ್ದು ನೋಡ್ತೀನಿ’ ಅನ್ನೋ ಧೈರ್ಯ ಯಾರಿಗೆ ಬರುತ್ತೆ? ಒಳಗೆ ಬಿಡಬಾರದು ಅಂತ ಕಟ್ಟಿದ ಗೋಡೆ ಒಳಗಿದ್ದವರನ್ನು ಹೊರಗೂ ಬಿಡಲ್ಲ.

ಈ ಲೆಕ್ಕದಲ್ಲಿ ‘ನಾನು ಇನ್ನು ವಾಪಸ್ ಹೋಗಲ್ಲ’ ಅಂತ ಕೂತು ನಿರ್ಧರಿಸುವ ದಿನ ಎಲ್ಲಿದೆ? ಇಲ್ಲವೇ ಇಲ್ಲ. ಸಾಲ ಮುಗಿಯಲಿ, ಎಚ್-1ಬಿ ಆಗಲಿ, ಮದುವೆ ಆಗಲಿ, ಮಗು ಸ್ಕೂಲಿಗೆ ಸೇರಲಿ. ಪ್ರತಿ ಸಲವೂ ‘ಇನ್ನೆರಡು ವರ್ಷ’. ಕೊನೆಗೆ ಪೌರತ್ವ. ನಮ್ಮ ದೇಶದಲ್ಲಿ ದ್ವಿಪೌರತ್ವ ಇಲ್ಲ. ಜರ್ಮನಿ 2024ರ ಜೂನ್‌ನಿಂದ ಒಪ್ಪಿಕೊಂಡಿದೆ, ಆದರೆ ನಾವು ಒಪ್ಪಿಲ್ಲವಲ್ಲ, ಅವರದ್ದು ತಗೊಂಡ ಕ್ಷಣ ನಮ್ಮದು ಹೋಗುತ್ತೆ. ಸಂಸತ್ತಿನಲ್ಲಿ ಸರ್ಕಾರ ಕೊಟ್ಟ ಉತ್ತರದ ಪ್ರಕಾರ 2022ರಲ್ಲಿ 2,25,620 ಜನ, 2023ರಲ್ಲಿ 2,16,219 ಜನ ಭಾರತದ ಪೌರತ್ವ ಬಿಟ್ಟರು. ಒಸಿಐ ಕಾರ್ಡ್ ಇದೆಯಲ್ಲ ಅಂತೀರಾ? ಇದೆ, ಓಡಾಡಬಹುದು, ಇರಬಹುದು, ಕೆಲಸ ಮಾಡಬಹುದು. ಓಟು ಹಾಕೋ ಹಾಗಿಲ್ಲ. ಅಪ್ಪನಿಂದ ತೋಟ ಉತ್ತರಾಧಿಕಾರವಾಗಿ ಬರಬಹುದು, ಆದರೆ ಪಕ್ಕದ ಒಂದು ಎಕರೆ ಕೃಷಿ ಜಮೀನು ಕೊಳ್ಳೋ ಹಾಗಿಲ್ಲ.

ಈಗ ಮನೆ ಕಡೆ ಬರೋಣ. ನಮ್ಮದು ಶಿರಸಿ ಕಡೆ, ಅಡಿಕೆ ತೋಟ. ನಮ್ಮ ಕೇರಿಯಲ್ಲಿ ಬಹಳಷ್ಟು ಮನೆಗಳಲ್ಲಿ ಈಗ ಇರೋದು ಅರವತ್ತು ದಾಟಿದವರು. ದೊಡ್ಡಪ್ಪನ ಮಗ ಹೋಗಿ ಹತ್ತು ವರ್ಷದ ಮೇಲಾಯ್ತು. ತೋಟದಲ್ಲಿ ಮರಗಳು ಹಳೆಯವಾಗಿವೆ, ಎಲೆಚುಕ್ಕಿ ರೋಗ ಬೇರೆ. ಹೊಸ ಸಸಿ ಇಡಬೇಕು. ಆದರೆ ಅಡಿಕೆ ಸಸಿ ಇಟ್ಟರೆ ಫಸಲು ಕಾಣೋಕೆ ಐದಾರು ವರ್ಷ ಬೇಕು. ಯಾರಿಗೋಸ್ಕರ ಇಡೋದು? ಗೇಣಿಗೆ ಕೊಡೋದಾ, ಮಾರೋದಾ, ಮನೆ ಮಾಡು ರಿಪೇರಿ ಮಾಡಿಸೋದಾ? ಎಲ್ಲ ಪ್ರಶ್ನೆಗೂ ದೊಡ್ಡಪ್ಪನ ಉತ್ತರ ಒಂದೇ: ‘ಅಂವ ಬರ್ಲಿ, ಕಡಿಗೆ ನೋಡನ.’ ಅಣ್ಣ ದುಡ್ಡು ಕಳಿಸ್ತಾನೆ, ವಾರಕ್ಕೆರಡು ಸಲ ವಿಡಿಯೋ ಕಾಲ್ ಮಾಡ್ತಾನೆ, ಅವನ ಮೇಲೆ ಯಾರಿಗೂ ದೂರಿಲ್ಲ. ‘ನಾನು ಬರಲ್ಲ, ತೋಟ ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ’ ಅಂತ ಅವನು 2018ರಲ್ಲೇ ಹೇಳಿದ್ದಿದ್ದರೆ ಮನೇಲಿ ಒಂದು ವಾರ ಅಳು ಇರ್ತಿತ್ತು. ಆಮೇಲೆ ಏನೋ ಒಂದು ತೀರ್ಮಾನ ಆಗ್ತಿತ್ತು. ಅಂದು ಇಟ್ಟ ಸಸಿ ಈಗ ಫಸಲು ಕೊಡ್ತಿತ್ತು.

ಇನ್ನು ಉಳಿದವರ ವಿಷಯ. ವಿದೇಶಕ್ಕೆ ಹೋಗಲ್ಲ ಅನ್ನೋರು ತಮ್ಮನ್ನು ತಾಯ್ನಾಡಿನ ಕಾವಲುಗಾರರು ಅಂದುಕೊಳ್ಳೋದು ನನಗೆ ಒಪ್ಪಿಗೆಯಿಲ್ಲ. ವೈಟ್‌ಫೀಲ್ಡಿನ ಪಿಜಿಯಲ್ಲಿರೋ ಮಗನೂ ದೀಪಾವಳಿಗೆ, ಗಣೇಶ ಚೌತಿಗೆ ಅಂತ ವರ್ಷಕ್ಕೆ ಎರಡು ಸಲ ಊರಿಗೆ ಬರ್ತಾನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಸೋಕೆ ಅವನೂ ಇರಲ್ಲ, ಬೋಸ್ಟನ್ನಿನ ಮಗನೂ ಇರಲ್ಲ. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಮನೆ ತಲುಪಬಹುದು ಅನ್ನೋ ವ್ಯತ್ಯಾಸ ಖಂಡಿತ ದೊಡ್ಡದು, ಆಸ್ಪತ್ರೆಗೆ ಸೇರಿಸಬೇಕಾದಾಗ ಅದರ ಬೆಲೆ ಗೊತ್ತಾಗುತ್ತೆ. ಆದರೆ ಊರು ಖಾಲಿಯಾಗೋದು ವಿಮಾನದಿಂದ ಮಾತ್ರ ಅಲ್ಲ.

ವಾಪಸ್ ಬಂದವರೂ ಇದ್ದಾರಲ್ಲ ಅಂದರೆ, ಇದ್ದಾರೆ. ಉಡುಪಿ ಹತ್ತಿರದ ಅದಮಾರಿನ ಯು. ಆರ್. ರಾವ್ ಅಮೆರಿಕದ ಎಂಐಟಿಯಲ್ಲಿ, ಟೆಕ್ಸಾಸ್‌ನಲ್ಲಿ ಕೆಲಸ ಮಾಡಿ 1966ರಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯಕ್ಕೆ ಬಂದರು. ಆಮೇಲೆ ಅವರ ತಂಡ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ಕಟ್ಟಿತು, 1975ರ ಏಪ್ರಿಲ್ 19ರಂದು ಅದು ಮೇಲೆ ಹೋಯಿತು. ಸಿ. ಎನ್. ಆರ್. ರಾವ್ ಪರ್ಡ್ಯೂನಲ್ಲಿ ಪಿಎಚ್‌ಡಿ ಮುಗಿಸಿ 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಇವರ ಕತೆಯನ್ನು ನಾವು ದೇಶಪ್ರೇಮದ ಕತೆಯಾಗಿ ಹೇಳ್ತೀವಿ. ಅದು ಸರಿ, ಆದರೆ ಅರ್ಧ ಮಾತ್ರ. ಅವರು ಬಂದಾಗ ಸೇರಿಕೊಳ್ಳೋಕೆ ಒಂದು ಜಾಗ ಇತ್ತು, ಮಾಡೋಕೆ ಕೆಲಸ ಇತ್ತು. ಇವತ್ತು ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡೋದು ಜಿಡಿಪಿಯ ಶೇ. 1ಕ್ಕಿಂತ ಕಡಿಮೆ, 2020–21ರಲ್ಲಿ ಶೇ. 0.64. ‘ಬನ್ನಿ’ ಅಂತ ಕರೆಯೋರು ‘ಎಲ್ಲಿಗೆ’ ಅಂತಾನೂ ಹೇಳಬೇಕು.

ಹಾಗಾದರೆ ನಮ್ಮ ವಯಸ್ಸಿನವರು ಏನು ಮಾಡಬಹುದು? ಸರ್ಕಾರದ ನೀತಿ ನಮ್ಮ ಕೈಯಲ್ಲಿಲ್ಲ. ಮೂರು ವಿಷಯ ನಮ್ಮ ಕೈಯಲ್ಲಿದೆ.

ಒಂದು, ಸಾಲ ಮಾಡೋ ಮೊದಲು ಅದರ ಕಂತನ್ನು ಇಲ್ಲಿನ ಸಂಬಳದಲ್ಲಿ ಕಟ್ಟೋಕಾಗುತ್ತಾ ಅಂತ ನೋಡೋದು. ಆಗಲ್ಲ ಅಂದರೆ ‘ಇಷ್ಟ ಆಗದಿದ್ರೆ ಬಂದುಬಿಡ್ತೀನಿ’ ಅನ್ನೋ ಮಾತು ಆಡಬಾರದು. ಎರಡು, ನಾವು ಕಲಿಯೋಕೆ ಹೊರಟಿರೋ ವಿಷಯದ ಕೆಲಸ ಇಲ್ಲಿ ಎಲ್ಲೆಲ್ಲಿ ಇದೆ ಅಂತ ಮೊದಲೇ ತಿಳಿದುಕೊಳ್ಳೋದು. ಉದಾಹರಣೆಗೆ, ಚಿಪ್ ಡಿಸೈನ್ ಮಾಡೋರಿಗೆ ಬೆಂಗಳೂರಿಗೆ ವಾಪಸ್ ಬರೋದು ಕನಸೇನಲ್ಲ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದಿದ್ದೇ 1985ರಲ್ಲಿ. ಎಲ್ಲ ವಿಷಯಕ್ಕೂ ಹೀಗಿಲ್ಲ. ಮೂರು, ಮನೆಯಲ್ಲಿ ನಿಜ ಹೇಳೋದು. ‘ಬರ್ತೀನಿ, ಇಂಥ ವರ್ಷದೊಳಗೆ’ ಅಥವಾ ‘ಬಹುಶಃ ಬರಲ್ಲ’ ಅಥವಾ ‘ಗೊತ್ತಿಲ್ಲ, ನನ್ನನ್ನು ನಂಬಿ ಯಾವುದನ್ನೂ ನಿಲ್ಲಿಸಬೇಡಿ’. ಮೂರರಲ್ಲಿ ಯಾವುದನ್ನು ಹೇಳಿದರೂ ಅಪ್ಪ ಅಮ್ಮ ಅದನ್ನು ಇಟ್ಟುಕೊಂಡು ಮುಂದಿನ ಯೋಚನೆ ಮಾಡ್ತಾರೆ. ‘ಎರಡೇ ವರ್ಷ’ ಅಂದರೆ ಕಾಯ್ತಾ ಕೂರ್ತಾರೆ.

ಕೊನೆಗೆ ನಮ್ಮ ಸಂಘಕ್ಕೇ ಒಂದು ಮನವಿ. ಹೋದವರನ್ನು ಕರೆಸಿ ಜಿಆರ್‌ಇ, ಎಸ್‌ಒಪಿ ಬಗ್ಗೆ ಮಾತಾಡಿಸೋದು ಎಲ್ಲ ಕಾಲೇಜಲ್ಲೂ ಇರೋದೇ. ಈ ಸಲ ರಾಜ್ಯೋತ್ಸವಕ್ಕೆ, ಹೋಗಿ ವಾಪಸ್ ಬಂದ ಇಬ್ಬರು ಸೀನಿಯರ್‌ಗಳನ್ನು ಕರೆಸಿ. ಯಾಕೆ ಬಂದ್ರಿ, ಸಂಬಳ ಎಷ್ಟು ಕಡಿಮೆಯಾಯ್ತು, ಮಕ್ಕಳು ಹೊಂದಿಕೊಂಡ್ರಾ, ಮತ್ತೆ ಹೋಗಬೇಕು ಅನ್ನಿಸುತ್ತಾ ಅಂತ ನೇರವಾಗಿ ಕೇಳೋಣ. ಬರೋರೂ ಹೋಗೋರೂ ಇಬ್ಬರಿಗೂ ಅದು ಉಪಯೋಗಕ್ಕೆ ಬರುತ್ತೆ.