ದಾರಿಯ ಲೇಬಲ್ ಓದುವವರು ನಿಮ್ಮ ಮೆಸೇಜನ್ನೂ ಓದುತ್ತಾರೆಯೇ?

ವಾಟ್ಸಾಪ್‌ನಲ್ಲಿ ಹಲವು ವರ್ಷಗಳಿಂದ ಸುತ್ತುತ್ತಲೇ ಇರುವ ಒಂದು ಫಾರ್ವರ್ಡ್ ನಿಮಗೂ ಬಂದಿರಬಹುದು. ಮೆಸೇಜಿನ ಪಕ್ಕ ಮೂರು ಟಿಕ್ ಕಂಡರೆ ಸರ್ಕಾರ ಅದನ್ನು ನೋಡಿದೆ ಎಂದರ್ಥ, ಟಿಕ್ ಕೆಂಪಾದರೆ ನಿಮ್ಮ ಮೇಲೆ ಕ್ರಮ ಖಚಿತ ಎಂದು ಅದು ಹೆದರಿಸುತ್ತದೆ. ಇದು ಸುಳ್ಳು. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗವೂ ಇದನ್ನು ಸುಳ್ಳೆಂದು ಹೇಳಿದೆ. ವಾಟ್ಸಾಪ್‌ನಲ್ಲಿ ಮೂರನೇ ಟಿಕ್ ಎಂಬುದೇ ಇಲ್ಲ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ನಂಬಿಕೆಯೂ ಇದೆ. "ನಮ್ಮ ಆಫೀಸಿನದು ಪ್ರೈವೇಟ್ ಲೈನ್. ಎಂಪಿಎಲ್‌ಎಸ್ ವಿಪಿಎನ್ ಹಾಕಿಸಿದ್ದೇವೆ. ಅದರಲ್ಲಿ ಹೋಗುವುದನ್ನು ಯಾರೂ ನೋಡಲಾಗದು." ಹಲವು ಶಾಖೆಗಳಿರುವ ಸಹಕಾರ ಸಂಘ, ಆಸ್ಪತ್ರೆ, ಶಾಲೆ, ಅಂಗಡಿಗಳ ಲೆಕ್ಕಪತ್ರ ನೋಡುವವರ ಬಾಯಲ್ಲಿ ಈ ಮಾತು ಆಗಾಗ ಕೇಳುತ್ತದೆ.

ಮೊದಲನೆಯದು ವಿನಾಕಾರಣ ಭಯ ಹುಟ್ಟಿಸಿದರೆ ಎರಡನೆಯದು ವಿನಾಕಾರಣ ಧೈರ್ಯ ಕೊಡುತ್ತದೆ. ಎರಡರ ಮೂಲದಲ್ಲೂ ಇರುವುದು ಒಂದೇ ಗೊಂದಲ. ಮಾಹಿತಿಗೆ ದಾರಿ ತೋರಿಸುವ ವ್ಯವಸ್ಥೆ ಬೇರೆ, ಅದಕ್ಕೆ ಬೀಗ ಹಾಕುವ ವ್ಯವಸ್ಥೆ ಬೇರೆ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಫೋಟೊ ಹೋಗುವುದು ತುಂಡು ತುಂಡಾಗಿ

ನೀವು ಕಳಿಸುವ ಫೋಟೊ ಇಡಿಯಾಗಿ ಹೋಗುವುದಿಲ್ಲ. ಅದನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಕತ್ತರಿಸಿ ಕಳಿಸಲಾಗುತ್ತದೆ. ಈ ತುಂಡಿಗೆ ಪ್ಯಾಕೆಟ್ ಎಂದು ಹೆಸರು. ಸಾಮಾನ್ಯವಾಗಿ ಒಂದು ಪ್ಯಾಕೆಟ್ ಹೆಚ್ಚೆಂದರೆ 1500 ಬೈಟ್ ಇರುತ್ತದೆ. 150 ಕಿಲೋಬೈಟಿನ ಒಂದು ಫೋಟೊ ಎಂದರೆ ನೂರಕ್ಕೂ ಹೆಚ್ಚು ಪ್ಯಾಕೆಟ್.

ಪ್ರತಿ ಪ್ಯಾಕೆಟ್ಟಿನ ಮೇಲೂ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಎಂಬ ಎರಡು ವಿಳಾಸಗಳಿರುತ್ತವೆ. ಇವೇ ಐಪಿ ವಿಳಾಸಗಳು. ದಾರಿಯ ಪ್ರತಿ ಕವಲಿನಲ್ಲೂ ರೂಟರ್ ಎಂಬ ಯಂತ್ರವಿದ್ದು, ವಿಳಾಸ ನೋಡಿ ಪ್ಯಾಕೆಟ್ಟನ್ನು ಮುಂದಕ್ಕೆ ದಾಟಿಸುತ್ತದೆ.

ಇಂಟರ್ನೆಟ್ ಎಂಬುದು ಯಾರೋ ಒಬ್ಬರ ಆಸ್ತಿಯಲ್ಲ ಎಂಬುದು ಇಲ್ಲಿ ಮುಖ್ಯ. ಮೊಬೈಲ್ ಕಂಪನಿಗಳು, ಕೇಬಲ್ ಕಂಪನಿಗಳು, ವಿಶ್ವವಿದ್ಯಾಲಯಗಳು, ಗೂಗಲ್‌ನಂಥ ಸಂಸ್ಥೆಗಳು ತಂತಮ್ಮ ನೆಟ್‌ವರ್ಕ್ ಕಟ್ಟಿಕೊಂಡಿವೆ. ಜಗತ್ತಿನಲ್ಲಿ ಇಂಥ ಸ್ವತಂತ್ರ ನೆಟ್‌ವರ್ಕ್‌ಗಳು 70,000ಕ್ಕೂ ಹೆಚ್ಚಿವೆ. ಇವು ಒಂದಕ್ಕೊಂದು ಕೈ ಜೋಡಿಸಿದಾಗ ಆಗುವುದೇ ಇಂಟರ್ನೆಟ್. ಹೀಗೆ ಕೈ ಜೋಡಿಸಲೆಂದೇ ನಮ್ಮ ದೇಶದಲ್ಲಿ 2003ರಲ್ಲಿ ನಿಕ್ಸಿ ಎಂಬ ರಾಷ್ಟ್ರೀಯ ಇಂಟರ್ನೆಟ್ ವಿನಿಮಯ ಕೇಂದ್ರ ಶುರುವಾಯಿತು. ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ.

ಗೋಣಿಯ ಮೇಲಿನ ಮಾರ್ಕರ್ ನಂಬರ್

ಲೇಬಲ್ ಎಂದರೇನು ಎಂದು ತಿಳಿಯಲು ಟ್ರಾನ್ಸ್‌ಪೋರ್ಟ್ ಆಫೀಸನ್ನು ನೆನಪಿಸಿಕೊಳ್ಳಿ. ಇಳಕಲ್‌ನಿಂದ ಸೀರೆಯ ಗಂಟೊಂದು ಗುವಾಹಟಿಗೆ ಹೋಗಬೇಕು. ಪೂರ್ತಿ ವಿಳಾಸ ಗಂಟಿನ ಮೇಲೆ ಇದ್ದೇ ಇದೆ. ಆದರೆ ಪ್ರತಿ ಗೋಡೌನಿನಲ್ಲೂ ಹಮಾಲರು ನಿಂತು ಆ ವಿಳಾಸವನ್ನು ಪೂರ್ತಿ ಓದುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಅದಕ್ಕೇ ಗುಮಾಸ್ತರು ಮಾರ್ಕರ್‌ನಿಂದ ದೊಡ್ಡದಾಗಿ ಒಂದು ನಂಬರ್ ಬರೆಯುತ್ತಾರೆ. ಆ ನಂಬರ್ ನೋಡಿದರೆ ಸಾಕು, ಯಾವ ಲಾರಿಗೆ ಹಾಕಬೇಕೆಂದು ಗೊತ್ತಾಗುತ್ತದೆ.

ನೆಟ್‌ವರ್ಕ್‌ನಲ್ಲಿ ಇದೇ ಕೆಲಸ ಮಾಡುವ ಪದ್ಧತಿಗೆ ಮಲ್ಟಿಪ್ರೋಟೋಕಾಲ್ ಲೇಬಲ್ ಸ್ವಿಚಿಂಗ್, ಚಿಕ್ಕದಾಗಿ ಎಂಪಿಎಲ್‌ಎಸ್ ಎಂದು ಹೆಸರು. 1990ರ ದಶಕದ ನಡುವಿನಲ್ಲಿ ಕೆಲವು ಕಂಪನಿಗಳು ಇಂಥ ವಿಧಾನಗಳನ್ನು ಬೇರೆ ಬೇರೆ ಹೆಸರಲ್ಲಿ ತಂದವು. ಎಲ್ಲರಿಗೂ ಒಂದೇ ಎನ್ನುವ ಮಾನದಂಡ 2001ರ ಜನವರಿಯಲ್ಲಿ ಪ್ರಕಟವಾಯಿತು.

ಪ್ಯಾಕೆಟ್ ಒಂದು ನೆಟ್‌ವರ್ಕ್‌ನ ಬಾಗಿಲಿಗೆ ಬಂದಾಗ ಮೊದಲ ರೂಟರ್ ಅದರ ವಿಳಾಸ ನೋಡಿ 4 ಬೈಟಿನ ಒಂದು ಚೀಟಿ ಅಂಟಿಸುತ್ತದೆ. ಅದರಲ್ಲಿ 20 ಬಿಟ್ ಜಾಗ ಲೇಬಲ್ ನಂಬರಿಗೆ ಮೀಸಲು. ಅಂದರೆ ಸುಮಾರು ಹತ್ತು ಲಕ್ಷ ಬೇರೆ ಬೇರೆ ನಂಬರ್ ಬರೆಯಬಹುದು. ಮುಂದಿನ ರೂಟರ್ ಬಳಿ ಒಂದು ಪಟ್ಟಿ ಇರುತ್ತದೆ: 305 ಎಂದು ಬಂದರೆ ಅದನ್ನು 712 ಎಂದು ಬದಲಿಸಿ ನಾಲ್ಕನೇ ಬಾಗಿಲಿನಿಂದ ಕಳಿಸು. ಅದರ ಮುಂದಿನ ರೂಟರ್ 712ನ್ನು ಇನ್ನೊಂದು ನಂಬರಿಗೆ ಬದಲಿಸುತ್ತದೆ. ಕೊನೆಯಲ್ಲಿ ಚೀಟಿ ಕಿತ್ತು ಪ್ಯಾಕೆಟ್ಟನ್ನು ಹೊರಗೆ ಬಿಡಲಾಗುತ್ತದೆ. ಅಂಟಿಸುವುದು, ಬದಲಿಸುವುದು, ಕೀಳುವುದು, ಇಷ್ಟೇ ಕೆಲಸ.

ಮೊದಮೊದಲು ವೇಗಕ್ಕಾಗಿ ಇದನ್ನು ತಂದರು. ಈಗಿನ ರೂಟರ್‌ಗಳು ಪೂರ್ತಿ ವಿಳಾಸವನ್ನೂ ಅಷ್ಟೇ ಬೇಗ ಓದಬಲ್ಲವು. ಆದರೂ ಲೇಬಲ್ ಉಳಿದುಕೊಂಡಿರುವುದಕ್ಕೆ ಬೇರೆ ಕಾರಣಗಳಿವೆ. ಒಂದು, ಯಾವ ದಾರಿಯಲ್ಲಿ ಹೋಗಬೇಕೆಂದು ಕಂಪನಿ ಮೊದಲೇ ನಿಗದಿ ಮಾಡಬಹುದು. ರಸ್ತೆ ಅಗೆಯುವಾಗ ಜೆಸಿಬಿ ಕೇಬಲ್ ಕಡಿದರೆ, ಮೊದಲೇ ಸಿದ್ಧವಿಟ್ಟ ಬದಲಿ ದಾರಿಗೆ ಸುಮಾರು 50 ಮಿಲಿಸೆಕೆಂಡಿನಲ್ಲಿ ಹೊರಳುವಂತೆ ಏರ್ಪಾಡು ಮಾಡಬಹುದು. ಕಾಲ್ ಮಾಡುತ್ತಿರುವವರಿಗೆ ಅದು ಗೊತ್ತೂ ಆಗುವುದಿಲ್ಲ.

ಎರಡು, ಒಂದೇ ಕೇಬಲ್ಲಿನಲ್ಲಿ ಹಲವು ಗ್ರಾಹಕರ ಮಾಹಿತಿಯನ್ನು ಬೆರೆಯದಂತೆ ಸಾಗಿಸಬಹುದು. ನಿಮ್ಮ ಮನೆಯ ವೈಫೈ ರೂಟರಿನ ವಿಳಾಸ 192.168.1.1 ಇರಬಹುದು. ಪಕ್ಕದ ಮನೆಯದೂ ಅದೇ ಇರಬಹುದು. ಹಾಗೆಯೇ ಎರಡು ಬ್ಯಾಂಕುಗಳ ಒಳಗಿನ ವಿಳಾಸಗಳೂ ಒಂದೇ ಆಗಿರಬಹುದು. ಇದು ಈ ಬ್ಯಾಂಕಿನದು, ಅದು ಆ ಬ್ಯಾಂಕಿನದು ಎಂದು ವಿಂಗಡಿಸುವುದು ಲೇಬಲ್. ಇದನ್ನೇ ಎಂಪಿಎಲ್‌ಎಸ್ ವಿಪಿಎನ್ ಎನ್ನುವುದು.

ಗಡಿ ದಾಟುವಾಗ ಏನಾಗುತ್ತದೆ?

ಮಾರ್ಕರಿನಲ್ಲಿ ಬರೆದ ಆ ನಂಬರ್ ಅರ್ಥವಾಗುವುದು ಆ ಟ್ರಾನ್ಸ್‌ಪೋರ್ಟ್ ಕಂಪನಿಯವರಿಗೆ ಮಾತ್ರ. ಗಂಟನ್ನು ನಾಗಪುರದಲ್ಲಿ ಇನ್ನೊಂದು ಕಂಪನಿಯ ಕೈಗೆ ಕೊಟ್ಟರೆ 305 ಎಂದರೇನೆಂದು ಅವರಿಗೆ ತಿಳಿಯದು. ಅವರ ಬಳಿ 305 ಎಂದರೆ ಬೇರೆ ಯಾವುದೋ ಊರು ಇರಬಹುದು. ನೆಟ್‌ವರ್ಕ್‌ನಲ್ಲೂ ಹಾಗೆಯೇ. ಆದ್ದರಿಂದ ಸಾಮಾನ್ಯ ಇಂಟರ್ನೆಟ್ ಬಳಕೆಯಲ್ಲಿ ಗಡಿಗೆ ಬರುವಷ್ಟರಲ್ಲಿ ಲೇಬಲ್ ಕಿತ್ತುಹಾಕಿ, ಬರೀ ಐಪಿ ವಿಳಾಸದೊಂದಿಗೆ ಪ್ಯಾಕೆಟ್ಟನ್ನು ಪಕ್ಕದ ನೆಟ್‌ವರ್ಕ್‌ಗೆ ಒಪ್ಪಿಸುತ್ತಾರೆ.

ಆದರೆ ಒಂದು ಬ್ಯಾಂಕಿನ ಬೆಂಗಳೂರಿನ ಶಾಖೆ ಒಂದು ಕಂಪನಿಯ ಲೈನಿನಲ್ಲೂ ಸಿಂಗಪುರದ ಶಾಖೆ ಇನ್ನೊಂದು ಕಂಪನಿಯ ಲೈನಿನಲ್ಲೂ ಇದ್ದರೆ? ಆಗ ಎರಡು ಕಂಪನಿಗಳೂ ಒಪ್ಪಂದ ಮಾಡಿಕೊಳ್ಳಬೇಕು. ಇದಕ್ಕೆ 2006ರ ಮಾನದಂಡದಲ್ಲಿ ಮೂರು ವಿಧಾನಗಳನ್ನು ಹೇಳಿದೆ.

ಮೊದಲನೆಯದರಲ್ಲಿ ಗಡಿಯಲ್ಲಿ ಲೇಬಲ್ ಕಿತ್ತು, ಪ್ರತಿ ಗ್ರಾಹಕನಿಗೂ ಬೇರೆಯದೇ ಬಾಗಿಲಿನ ಮೂಲಕ ದಾಟಿಸುತ್ತಾರೆ. ಸುರಕ್ಷಿತ, ಆದರೆ ಸಾವಿರ ಗ್ರಾಹಕರಿದ್ದರೆ ಸಾವಿರ ಬಾಗಿಲು ಬೇಕು. ಎರಡನೆಯದರಲ್ಲಿ ಗಡಿಯ ಎರಡು ರೂಟರ್‌ಗಳು ಲೇಬಲ್ ಪಟ್ಟಿಯನ್ನು ಹಂಚಿಕೊಂಡು, ಲೇಬಲ್ ಸಮೇತ ಪ್ಯಾಕೆಟ್ ದಾಟಿಸುತ್ತವೆ. ಮೂರನೆಯದರಲ್ಲಿ ಗ್ರಾಹಕರ ದಾರಿಯ ವಿವರವನ್ನು ಎರಡೂ ಕಂಪನಿಗಳ ಒಳಗಿನ ಯಂತ್ರಗಳು ನೇರವಾಗಿ ಮಾತಾಡಿಕೊಳ್ಳುತ್ತವೆ. ಗಡಿಯ ರೂಟರ್ ಬರೀ ಸೇತುವೆ. ಇದರಲ್ಲಿ ಕೆಲಸ ಸಲೀಸು, ಆದರೆ ಪಕ್ಕದವರನ್ನು ತುಂಬಾ ನಂಬಬೇಕು.

ಪಕ್ಕದ ನೆಟ್‌ವರ್ಕ್‌ನವರು ಯಾವುದೋ ನಂಬರಿನ ಲೇಬಲ್ ಅಂಟಿಸಿ ಕಳಿಸಿದರೆ ಆ ಪ್ಯಾಕೆಟ್ ಬೇರೆ ಗ್ರಾಹಕನ ನೆಟ್‌ವರ್ಕ್‌ನ ಒಳಗೇ ಹೋಗಿ ಬೀಳಬಹುದು. ಅದಕ್ಕೇ ತಾನೇ ಪಕ್ಕದವರಿಗೆ ಕೊಟ್ಟ ಲೇಬಲ್ ಇದ್ದರೆ ಮಾತ್ರ ಗಡಿಯ ರೂಟರ್ ಪ್ಯಾಕೆಟ್ಟನ್ನು ಒಳಗೆ ಬಿಡಬೇಕು ಎಂದು ಆ ಮಾನದಂಡವೇ ಎಚ್ಚರಿಸುತ್ತದೆ.

ನಂಬಿಕೆ ಕೆಟ್ಟಾಗ

ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಭಾಷೆಗೆ ಬಿಜಿಪಿ ಎಂದು ಹೆಸರು. ಅದು ರೂಪುಗೊಂಡದ್ದು 1989ರಲ್ಲಿ. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಯಾಕೋವ್ ರೆಖ್ಟರ್ ಅವರೇ ಮುಂದೆ ಎಂಪಿಎಲ್‌ಎಸ್ ವಿಪಿಎನ್ ಮಾನದಂಡವನ್ನೂ ಎರಿಕ್ ರೋಸೆನ್ ಜೊತೆ ಬರೆದರು. ಬಿಜಿಪಿ ಮೂಲದಲ್ಲಿ ನಿಂತಿರುವುದು ನಂಬಿಕೆಯ ಮೇಲೆ. "ಈ ವಿಳಾಸಗಳು ನನ್ನ ಬಳಿ ಇವೆ" ಎಂದು ಒಂದು ನೆಟ್‌ವರ್ಕ್ ಹೇಳಿದರೆ ಪಕ್ಕದ್ದು ಒಪ್ಪಿಕೊಂಡು ಮುಂದಿನವರಿಗೂ ಹೇಳುತ್ತದೆ. ಥೇಟ್ ಫಾರ್ವರ್ಡ್ ಮೆಸೇಜಿನ ಹಾಗೆ.

2008ರ ಫೆಬ್ರವರಿ 24ರಂದು ಏನಾಯಿತು ನೋಡಿ. ಪಾಕಿಸ್ತಾನ ಸರ್ಕಾರ ಯೂಟ್ಯೂಬ್ ಬಂದ್ ಮಾಡಲು ಆದೇಶಿಸಿತ್ತು. ಪಾಕಿಸ್ತಾನ್ ಟೆಲಿಕಾಂ ತನ್ನ ಗ್ರಾಹಕರು ಯೂಟ್ಯೂಬ್‌ಗೆ ಹೋಗದಂತೆ ತಡೆಯಲು ಆ ವಿಳಾಸಗಳು ತನ್ನವೆಂದು ಘೋಷಿಸಿತು. ದೇಶದ ಒಳಗೇ ಉಳಿಯಬೇಕಿದ್ದ ಘೋಷಣೆ ಅದನ್ನು ಜಗತ್ತಿಗೆ ಜೋಡಿಸುವ ಕಂಪನಿಗೆ ಸೋರಿತು. ಆ ಕಂಪನಿ ಪರಿಶೀಲಿಸದೆ ಎಲ್ಲರಿಗೂ ಹೇಳಿತು. ಸುಮಾರು ಎರಡು ಗಂಟೆ ಕಾಲ ಜಗತ್ತಿನ ಬಹುಭಾಗದಲ್ಲಿ ಯೂಟ್ಯೂಬ್ ಸಿಗಲಿಲ್ಲ.

2021ರ ಅಕ್ಟೋಬರ್ 4ರ ರಾತ್ರಿ ನಮ್ಮಲ್ಲಿ ಎಲ್ಲರಿಗೂ ನೆನಪಿರಬೇಕು. ಒಂಬತ್ತು ಗಂಟೆ ಕಳೆದ ಮೇಲೆ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಒಟ್ಟಿಗೇ ನಿಂತವು. ಹ್ಯಾಕ್ ಆಗಿದೆ ಎಂಬ ಗುಮಾನಿ ಹಬ್ಬಿತು. ನಡೆದದ್ದು ಬೇರೆ. ನಿರ್ವಹಣೆಯ ಕೆಲಸದಲ್ಲಿ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಕಂಪನಿಯ ಒಳಗಿನ ನೆಟ್‌ವರ್ಕ್ ಕಡಿದುಹೋಯಿತು. ಅದರ ಬೆನ್ನಿಗೇ ಹೊರಜಗತ್ತಿಗೆ ಹೇಳಬೇಕಾದ ದಾರಿಗಳೂ ಅಳಿಸಿಹೋದವು. ಸರಿಯಾಗಲು ಸುಮಾರು ಆರು ಗಂಟೆ ಹಿಡಿಯಿತು. ಯಾರ ಮೆಸೇಜೂ ಕಳುವಾಗಿರಲಿಲ್ಲ, ದಾರಿಯಷ್ಟೇ ಕಾಣೆಯಾಗಿತ್ತು.

ಇಂಥ ತಪ್ಪು ತಡೆಯಲು, ಯಾವ ವಿಳಾಸ ಯಾರದೆಂದು ಸಹಿ ಮಾಡಿದ ದಾಖಲೆ ಇಡುವ ಆರ್‌ಪಿಕೆಐ ಎಂಬ ವ್ಯವಸ್ಥೆ ಈಗ ಬಳಕೆಯಲ್ಲಿದೆ. ಆದರೆ ಎಲ್ಲ ನೆಟ್‌ವರ್ಕ್‌ಗಳೂ ಅದನ್ನು ಪೂರ್ತಿ ಪಾಲಿಸುತ್ತಿಲ್ಲ.

ಲೇಬಲ್ ಬೀಗವಲ್ಲ

ಈಗ ಮೊದಲಿನ ಎರಡು ನಂಬಿಕೆಗಳಿಗೆ ಬರೋಣ. ಮೊದಲು ಪ್ರೈವೇಟ್ ಲೈನ್. ಎಂಪಿಎಲ್‌ಎಸ್ ಲೇಬಲ್ ಪ್ಯಾಕೆಟ್ಟಿನ ಒಳಗಿರುವುದನ್ನು ಗುಪ್ತಲಿಪಿಗೆ ಬದಲಿಸುವುದಿಲ್ಲ. ಅದು ಗೋಣಿಯ ಮೇಲಿನ ನಂಬರ್ ಅಷ್ಟೇ, ಪೆಟ್ಟಿಗೆಯ ಬೀಗವಲ್ಲ. ಒಬ್ಬ ಗ್ರಾಹಕನ ಗಂಟು ಇನ್ನೊಬ್ಬನ ಮನೆಗೆ ಹೋಗದಂತೆ ಅದು ನೋಡಿಕೊಳ್ಳುತ್ತದೆ. ಆದರೆ ಕೇಬಲ್ಲಿಗೆ ಕೈ ಹಾಕಿದವರಿಗೆ, ಅಥವಾ ದಾರಿಯ ರೂಟರ್ ಯಾರ ಕೈಯಲ್ಲಿದೆಯೋ ಅವರಿಗೆ, ಒಳಗಿನದು ತೆರೆದೇ ಇರುತ್ತದೆ.

ಇದು ಬರೀ ಊಹೆಯಲ್ಲ. ಅಮೆರಿಕದ ಎನ್‌ಎಸ್‌ಎ ಎಂಬ ಬೇಹುಗಾರಿಕೆ ಸಂಸ್ಥೆ ಗೂಗಲ್ ಮತ್ತು ಯಾಹೂ ಕಂಪನಿಗಳ ಡೇಟಾ ಸೆಂಟರ್‌ಗಳ ನಡುವಿನ ಖಾಸಗಿ ಲೈನುಗಳಿಂದ ಮಾಹಿತಿ ಕದಿಯುತ್ತಿತ್ತು ಎಂದು 2013ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ಪೋಸ್ಟ್ ವರದಿ ಮಾಡಿತು. ಎಡ್ವರ್ಡ್ ಸ್ನೋಡೆನ್ ಹೊರಗೆ ತಂದ ದಾಖಲೆಗಳು ಅದಕ್ಕೆ ಆಧಾರ. ಖಾಸಗಿ ಲೈನ್ ತಾನೇ ಎಂದು ಬೀಗವಿಲ್ಲದೆ ಬಿಟ್ಟಿದ್ದ ದಾರಿಗಳವು. ಆ ವರ್ಷ ಈ ಕಂಪನಿಗಳು ಒಳಗಿನ ಲೈನುಗಳಿಗೂ ಗೂಢಲಿಪೀಕರಣ ಹಾಕುವ ಕೆಲಸವನ್ನು ಚುರುಕುಗೊಳಿಸಿದವು.

ಇನ್ನು ಮೂರು ಟಿಕ್. ವಾಟ್ಸಾಪ್ 2016ರ ಏಪ್ರಿಲ್‌ನಿಂದ ಎಲ್ಲ ಬಳಕೆದಾರರ ಮೆಸೇಜುಗಳಿಗೂ ಎಂಡ್ ಟು ಎಂಡ್ ಗೂಢಲಿಪೀಕರಣ ಹಾಕುತ್ತಿದೆ. ಬೀಗ ಬೀಳುವುದು ನಿಮ್ಮ ಫೋನಿನಲ್ಲಿ, ತೆಗೆಯುವುದು ಎದುರಿನವರ ಫೋನಿನಲ್ಲಿ. ನಡುವೆ ಎಷ್ಟು ನೆಟ್‌ವರ್ಕ್ ದಾಟಿದರೂ, ಎಷ್ಟು ಲೇಬಲ್ ಬದಲಾದರೂ, ಅವರ ಕಣ್ಣಿಗೆ ಬೀಳುವುದು ಅರ್ಥವಾಗದ ಅಕ್ಷರರಾಶಿ. ಹಾಗಾಗಿ ದಾರಿಯಲ್ಲಿ ನಿಂತು ಮೆಸೇಜ್ ಓದಿ ಟಿಕ್ ಹಾಕುವುದು ಸಾಧ್ಯವಿಲ್ಲ.

ಹಾಗೆಂದು ಏನೂ ಕಾಣುವುದಿಲ್ಲ ಎಂದಲ್ಲ. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ, ಎಷ್ಟು ಹೊತ್ತಿಗೆ, ಎಷ್ಟು ಗಾತ್ರದ ಮಾಹಿತಿ ಹೋಯಿತೆಂಬುದು ದಾರಿಯವರಿಗೆ ತಿಳಿಯುತ್ತದೆ. ದಾರಿ ತೋರಿಸಲು ಅಷ್ಟು ಬೇಕೇ ಬೇಕು. ಅಲ್ಲದೆ ನಿಮ್ಮ ಫೋನ್ ಬೇರೆಯವರ ಕೈಗೆ ಸಿಕ್ಕರೆ, ಅಥವಾ ಮೆಸೇಜ್ ಪಡೆದವರೇ ಸ್ಕ್ರೀನ್‌ಶಾಟ್ ಹಂಚಿದರೆ ಯಾವ ಬೀಗವೂ ಕಾಯುವುದಿಲ್ಲ.

ನೀವು ಏನು ಮಾಡಬಹುದು?

• ನಿಮ್ಮ ಸಂಘ ಅಥವಾ ಆಫೀಸು ಪ್ರೈವೇಟ್ ಲೈನ್ ಬಳಸುತ್ತಿದ್ದರೆ, ಅದರ ಮೇಲೆ ಗೂಢಲಿಪೀಕರಣವೂ ಇದೆಯೇ ಎಂದು ಲೈನ್ ಕೊಟ್ಟವರನ್ನು ಕೇಳಿ. ವಿಪಿಎನ್ ಎಂಬ ಹೆಸರು ಕೇಳಿ ಸಮಾಧಾನಪಟ್ಟುಕೊಳ್ಳಬೇಡಿ.

• ಪಾಸ್‌ವರ್ಡ್ ಅಥವಾ ಕಾರ್ಡ್ ನಂಬರ್ ಹಾಕುವ ಮುನ್ನ ವಿಳಾಸ ಎಚ್‌ಟಿಟಿಪಿಎಸ್ ಎಂದು ಶುರುವಾಗುತ್ತದೆಯೇ ನೋಡಿ. ಅದು ದಾರಿಯ ಬೀಗ. ಆದರೆ ಆ ವೆಬ್‌ಸೈಟಿನವರು ಪ್ರಾಮಾಣಿಕರು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಮೋಸದ ವೆಬ್‌ಸೈಟಿಗೂ ಆ ಬೀಗ ಇರಬಹುದು. ಹೆಸರನ್ನು ಅಕ್ಷರ ಅಕ್ಷರ ಓದಿ.

• ವಾಟ್ಸಾಪ್ ಬ್ಯಾಕಪ್‌ಗೆ ಬೀಗ ಬೇಕಿದ್ದರೆ ಅದನ್ನು ಸೆಟ್ಟಿಂಗ್ಸ್‌ನಲ್ಲಿ ನೀವೇ ಪ್ರತ್ಯೇಕವಾಗಿ ಆನ್ ಮಾಡಬೇಕಾಗಬಹುದು. ಒಮ್ಮೆ ನೋಡಿಕೊಳ್ಳಿ.

• ಆ್ಯಪ್‌ಗಳು ಒಟ್ಟಿಗೇ ನಿಂತರೆ ಹ್ಯಾಕ್ ಎಂದು ಗುಂಪುಗಳಲ್ಲಿ ಹಾಕುವ ಮುನ್ನ ಕಂಪನಿ ಏನು ಹೇಳುತ್ತದೆಂದು ಕಾಯಿರಿ. ದಾರಿ ತಪ್ಪಿದ್ದಷ್ಟೇ ಇರಬಹುದು.

ಕೊನೆಯದಾಗಿ ಒಂದು ಮಾತು. ನಿಮಗೆ ಬರುವ ಫಾರ್ವರ್ಡ್‌ಗಳ ಮೇಲೂ ವಾಟ್ಸಾಪ್ 2018ರಿಂದ ಒಂದು ಲೇಬಲ್ ಹಾಕುತ್ತಿದೆ. ಈ ಮೆಸೇಜ್ ಬರೆದವರು ಕಳಿಸಿದವರಲ್ಲ, ಅದು ಬೇರೆ ಕಡೆಯಿಂದ ಬಂದದ್ದು ಎಂದು ಅದು ಹೇಳುತ್ತದೆ. ಒಳಗಿರುವುದು ನಿಜವೋ ಸುಳ್ಳೋ ಎಂಬುದನ್ನು ಅದೂ ಹೇಳುವುದಿಲ್ಲ. ಮೂರು ಟಿಕ್ಕಿನ ಮೆಸೇಜ್ ಮುಂದಿನ ಸಲ ಬಂದಾಗ ಅದನ್ನು ದಾಟಿಸದೆ ಅಲ್ಲೇ ನಿಲ್ಲಿಸಿ. ಕಳಿಸಿದವರು ಮನೆಯ ಹಿರಿಯರಾಗಿದ್ದರೆ ಇದು ಯಾಕೆ ಸುಳ್ಳೆಂದು ನಿಧಾನವಾಗಿ ತಿಳಿಸಿ ಹೇಳಿ.