ಭಾಷೆಗಾಗಿ ಬೀದಿಗಿಳಿದ ಯೂನಿವರ್ಸಿಟಿ

ಅಥೆನ್ಸಿನ ನಡುಭಾಗದಲ್ಲಿ ಒಂದು ದೊಡ್ಡ ರಸ್ತೆ ಇದೆ. ಸರ್ಕಾರಿ ಲೆಕ್ಕದಲ್ಲಿ ಅದರ ಹೆಸರು ಎಲೆಫ್ಥೆರಿಯೋಸ್ ವೆನಿಜೆಲೋಸ್ ರಸ್ತೆ. ಗ್ರೀಸಿನ ಹಳೆಯ ಪ್ರಧಾನಿಯೊಬ್ಬರ ಹೆಸರದು. ಅಲ್ಲಿನ ವಿಮಾನ ನಿಲ್ದಾಣಕ್ಕೂ ಅದೇ ಹೆಸರಿರೋದ್ರಿಂದ ಟ್ಯಾಕ್ಸಿ ಹತ್ತಿ ಆ ಹೆಸರು ಹೇಳೋ ಸಾಹಸ ಮಾತ್ರ ಬೇಡ. ಊರಿನವರೆಲ್ಲ ಆ ರಸ್ತೆಯನ್ನ ಕರೆಯೋದು 'ಪನೆಪಿಸ್ತಿಮಿಯೂ' ಅಂತ, ಅಂದ್ರೆ ಯೂನಿವರ್ಸಿಟಿ ರಸ್ತೆ. ಕೆಂಪೇಗೌಡ ಬಸ್ ನಿಲ್ದಾಣವನ್ನ ಇವತ್ತಿಗೂ ಮೆಜೆಸ್ಟಿಕ್ ಅಂತಲೇ ಕರೆಯೋ ನಮಗೆ ಇದೇನು ಹೊಸದಲ್ಲ ಬಿಡಿ.

ಆ ರಸ್ತೆಗೆ ಹೆಸರು ಕೊಟ್ಟ ಕಟ್ಟಡವನ್ನ ಈ ಸಲದ ರಜೆಯಲ್ಲಿ ನೋಡಿ ಬಂದೆ. ಅಲ್ಲೇ ಹುಟ್ಟಿ ಬೆಳೆದ ಸಹೋದ್ಯೋಗಿ ಗೆಳತಿಯೊಬ್ಬಳು ಜೊತೆಗಿದ್ದಳು. ಪಕ್ಕಪಕ್ಕದಲ್ಲಿ ಮೂರು ಕಟ್ಟಡಗಳಿವೆ: ಎಡಕ್ಕೆ ಹಳೆಯ ರಾಷ್ಟ್ರೀಯ ಗ್ರಂಥಾಲಯ, ಬಲಕ್ಕೆ ಅಕಾಡೆಮಿ, ನಡುವೆ ಯೂನಿವರ್ಸಿಟಿ. ಪ್ರವಾಸಿಗರ ಕ್ಯಾಮೆರಾ ಎಲ್ಲ ಅಕಾಡೆಮಿ ಕಡೆಗೇ ತಿರುಗಿರುತ್ತೆ, ಯಾಕಂದ್ರೆ ಅಲ್ಲಿ ಎತ್ತರದ ಕಂಬಗಳ ಮೇಲೆ ಅಥೀನಾ, ಅಪೊಲೊ ನಿಂತಿದ್ದಾರೆ, ಬಾಗಿಲಲ್ಲಿ ಪ್ಲೇಟೊ, ಸಾಕ್ರಟಿಸ್ ಕೂತಿದ್ದಾರೆ. ಯೂನಿವರ್ಸಿಟಿಗೆ ಅಷ್ಟು ಅಲಂಕಾರ ಇಲ್ಲ. ಉದ್ದಕ್ಕೆ, ತಗ್ಗಾಗಿ, ಬಿಸಿಲಿಗೆ ಮೈಯೊಡ್ಡಿ ಮಲಗಿದ ಹಾಗಿದೆ. ನನಗೆ ಇದೇ ಹೆಚ್ಚು ಇಷ್ಟವಾಯ್ತು.

ನಿಯೋಕ್ಲಾಸಿಕಲ್ ಅಂದ್ರೆ ದೊಡ್ಡ ವಿಷಯವೇನಲ್ಲ. ಹಳೆಯ ಗ್ರೀಕ್, ರೋಮನ್ ಕಟ್ಟಡಗಳ ಅಳತೆ, ಕಂಬ, ಮುಖಮಂಟಪಗಳನ್ನ ನೋಡಿಕೊಂಡು ಹದಿನೆಂಟು-ಹತ್ತೊಂಬತ್ತನೇ ಶತಮಾನದಲ್ಲಿ ಹೊಸದಾಗಿ ಕಟ್ಟಿದ್ದು. ಕಬ್ಬನ್ ಪಾರ್ಕ್ ಪಕ್ಕದ ನಮ್ಮ ಕೆಂಪು ಅಠಾರಾ ಕಚೇರಿಯನ್ನ ನೋಡಿದ್ರೆ ನಿಮಗೆ ಆ ಜಾತಿ ಗೊತ್ತು. ಆದ್ರೆ ಅಥೆನ್ಸಲ್ಲಿ ಇದಕ್ಕೊಂದು ತಮಾಷೆ ಇದೆ. ಅಸಲಿ ಕಟ್ಟಡಗಳು ಎದುರಿಗೇ ಆಕ್ರೊಪೊಲಿಸ್ ಗುಡ್ಡದ ಮೇಲಿವೆ. ಅದರ ನಕಲನ್ನ ಕೆಳಗೆ ಮಾಡಿಕೊಟ್ಟವನು ಡೆನ್ಮಾರ್ಕಿನ ಕ್ರಿಸ್ಟಿಯನ್ ಹ್ಯಾನ್ಸನ್. ಮಾಡಿಸಿದ ರಾಜ ಓಥೊ, ಜರ್ಮನಿಯ ಬವೇರಿಯಾದಿಂದ ಬಂದ ಹುಡುಗ. ತುರ್ಕರ ಆಳ್ವಿಕೆ ಮುಗಿದು ದೇಶ ಆಗತಾನೆ ಹುಟ್ಟಿತ್ತು, 1834ರಲ್ಲಿ ಅಥೆನ್ಸ್ ರಾಜಧಾನಿಯಾಯ್ತು. 1837ರಲ್ಲಿ ಯೂನಿವರ್ಸಿಟಿ ಶುರುವಾದಾಗ ಇದ್ದದ್ದು ಪ್ಲಾಕಾ ಬಡಾವಣೆಯ ಒಂದು ಮನೆಯಲ್ಲಿ, 52 ವಿದ್ಯಾರ್ಥಿಗಳ ಜೊತೆ. ಈ ಕಟ್ಟಡಕ್ಕೆ 1839ರಲ್ಲಿ ಅಡಿಗಲ್ಲು ಬಿತ್ತು, ದುಡ್ಡು ಸಾಲದೆ ಎಳೆದು ಎಳೆದು 1864ಕ್ಕೆ ಮುಗೀತು. ಮುಂದಿನ ಕಂಬಗಳು ಆಕ್ರೊಪೊಲಿಸ್‌ನ ಹೆಬ್ಬಾಗಿಲಿನ ಮಾದರಿಯವು. ಹಾಗಾಗಿ ಆ ಹೆಬ್ಬಾಗಿಲಿನ ಹೆಸರೇ ಇದಕ್ಕೂ ಬಂತು: ಪ್ರೊಪಿಲೇಯ.

ಕಂಬಗಳ ಹಿಂದೆ, ಗೋಡೆಯ ಮೇಲ್ಭಾಗದಲ್ಲಿ ಉದ್ದಕ್ಕೂ ಬಣ್ಣದ ಚಿತ್ರ. ನಡುವೆ ಸಿಂಹಾಸನದಲ್ಲಿ ಓಥೊ, ಸುತ್ತ ಒಂದೊಂದು ವಿದ್ಯೆಗೆ ಒಬ್ಬೊಬ್ಬ ಹೆಣ್ಣುಮಗಳು. ನಮ್ಮ ಕಡೆಯ ಕ್ಯಾಲೆಂಡರಿನಲ್ಲಿ ದೇವರ ಸುತ್ತ ನಿಲ್ಲಿಸ್ತಾರಲ್ಲ, ಹಾಗೇ. ನಾನು ಅದನ್ನೇ ನೋಡ್ತಾ ನಿಂತಿದ್ದೆ. ಗೆಳತಿ ತೋಳು ಹಿಡಿದು ಎಳೆದು, ಮೆಟ್ಟಿಲ ಪಕ್ಕದಲ್ಲಿ ಕುರ್ಚಿಯ ಮೇಲೆ ಕೂತಿರೋ ಅಮೃತಶಿಲೆಯ ಮುದುಕನನ್ನ ತೋರಿಸಿದಳು. "ನಮ್ಮಪ್ಪನಿಗೆ ಶಾಲೆಯಲ್ಲಿ ಏಟು ಬಿದ್ದದ್ದು ಇವರಿಂದಾನೇ" ಅಂದಳು.

ಆ ಮುದುಕ ಅದಮಾಂತಿಯೊಸ್ ಕೊರೈಸ್, ಪ್ಯಾರಿಸ್ಸಿನಲ್ಲಿ ಕೂತು ಗ್ರೀಕ್ ಭಾಷೆಯ ಬಗ್ಗೆ ಚಿಂತೆ ಮಾಡಿದ ವಿದ್ವಾಂಸ. ಎರಡು ಸಾವಿರ ವರ್ಷ ಹಳೆಯ ಗ್ರೀಕನ್ನ ಹಾಗೇ ಮಾತಾಡೋಕೆ ಆಗಲ್ಲ, ಬೀದಿಯ ಮಾತನ್ನ ಹಾಗೇ ಬರೆಯೋದೂ ಸರಿಯಲ್ಲ, ಅದನ್ನ ತೊಳೆದು ತಿದ್ದಿ ಬಳಸೋಣ ಅನ್ನೋದು ಅವರ ವಾದ. ಆ ದಾರಿಯಲ್ಲೇ ಬೆಳೆದದ್ದು ಕಥರೇವುಸಾ. ಶುದ್ಧ ಮಾಡುವ ಭಾಷೆ ಅಂತ ಅರ್ಥ. ಜನರ ಬಾಯಲ್ಲಿದ್ದದ್ದು ದಿಮೊತಿಕಿ, ಅಂದ್ರೆ ಜನರದ್ದು. ಮನೆಯಲ್ಲಿ ಬ್ರೆಡ್ಡಿಗೆ 'ಪ್ಸೊಮಿ' ಅಂದ್ರೆ ಪುಸ್ತಕದಲ್ಲಿ 'ಆರ್ತೊಸ್'. ಮನೆಗೆ 'ಸ್ಪಿತಿ' ಅಂದ್ರೆ ಕಾಗದಪತ್ರದಲ್ಲಿ 'ಈಕೊಸ್'. ಬೇಕರಿಗಳ ಮೇಲೆ ಈಗಲೂ 'ಆರ್ತೊಪಿಯೊ' ಅಂತ ಬೋರ್ಡ್ ಇರುತ್ತೆ, ಜನ ಕರೆಯೋದು ಮಾತ್ರ 'ಫೂರ್ನೊಸ್'.

ಇಲ್ಲಿ ನನ್ನ ಕೆಲಸದ ವಿಷಯ ಹೇಳಲೇಬೇಕು. ಒಂದು ಆ್ಯಪ್‌ಗೆ ಕನ್ನಡದ ಸ್ಕ್ರೀನುಗಳನ್ನ ಬರೆಯೋದು ನನ್ನ ಹೊಟ್ಟೆಪಾಡು. ಬಟನ್ ಮೇಲೆ 'ರದ್ದುಗೊಳಿಸಿ' ಹಾಕಬೇಕಾ, 'ಬೇಡ' ಅಂತ ಹಾಕಿದ್ರೆ ಸಾಕಾ ಅಂತ ನಮ್ಮ ತಂಡದಲ್ಲಿ ಮೂರು ಮೀಟಿಂಗ್ ಆಗಿದೆ. 'ಗೌಪ್ಯಪದ' ಅಂದ್ರೆ ಯಾರಿಗೂ ತಿಳಿಯಲ್ಲ ಅಂತ ನಾನು, ಪಾಸ್‌ವರ್ಡ್ ಅಂದ್ರೆ ಕನ್ನಡ ಉಳಿಯೋದು ಹೇಗೆ ಅಂತ ನಮ್ಮ ಸೀನಿಯರ್. ಅವರು ಕೆಟ್ಟವರಲ್ಲ, ಅವರ ಕನ್ನಡ ನನ್ನದಕ್ಕಿಂತ ನಾಲ್ಕು ಪಟ್ಟು ಚೆನ್ನಾಗಿದೆ. ಆದ್ರೆ ನನ್ನ ತಲೆಯಲ್ಲಿ ಯಾವಾಗಲೂ ಇರೋದು ನಮ್ಮಜ್ಜಿ. ಅಜ್ಜಿಗೆ ಓದೋಕೆ ಬರ್ತಿತ್ತು, ಪೇಪರ್ ಓದೋರು. ತಾತ ಹೋದ ಮೇಲೆ ಪಿಂಚಣಿಗೆ ಹಾಕಿದ ಅರ್ಜಿಗೆ ಒಂದು ಕಚೇರಿಯಿಂದ ಉತ್ತರ ಬಂತು: 'ಸದರಿ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ.' ಕೆಲಸ ಆಯ್ತು ಅಂತ ಅಜ್ಜಿ ತಿಳ್ಕೊಂಡ್ರು. ನಾಲ್ಕು ತಿಂಗಳು ಪೋಸ್ಟ್‌ಮ್ಯಾನ್ ದಾರಿ ಕಾದ್ರು. ಅರ್ಜಿ ತಿರಸ್ಕಾರ ಆಗಿದೆ ಅಂತ ಪಕ್ಕದ ಮನೆ ಮೇಷ್ಟ್ರು ಬಿಡಿಸಿ ಹೇಳೋ ಹೊತ್ತಿಗೆ ಮತ್ತೆ ಕೇಳೋ ಗಡುವು ಮುಗಿದಿತ್ತು. "ಕನ್ನಡಾನೇ ಇತ್ತಲ್ಲೋ" ಅಂತ ಅಜ್ಜಿ ಎಷ್ಟೋ ದಿನ ಅನ್ನೋರು.

ಹೀಗಾಗಿ ಪ್ರೊಪಿಲೇಯ ಮೆಟ್ಟಿಲ ಮೇಲೆ ಕೂತು ಗೆಳತಿ 1901ರ ಕಥೆ ಹೇಳಿದಾಗ ನಾನು ಕಾಫಿ ಕುಡಿಯೋದನ್ನೇ ಮರೆತೆ.

ಅಲೆಕ್ಸಾಂಡ್ರೊಸ್ ಪಾಲ್ಲಿಸ್ ಅಂತ ಒಬ್ಬ ವ್ಯಾಪಾರಿ ಇದ್ದ. ರಾಲಿ ಬ್ರದರ್ಸ್ ಅನ್ನೋ ಗ್ರೀಕ್ ಕಂಪನಿಯಲ್ಲಿ ಕೆಲಸ, ಎಷ್ಟೋ ವರ್ಷ ಇದ್ದದ್ದು ನಮ್ಮ ಮುಂಬೈಯಲ್ಲೇ! ರೈತರಿಗೆ ಕೀಟನಾಶಕದಿಂದ ಪರಿಚಯ ಇರೋ ರಾಲಿಸ್ ಇಂಡಿಯಾದ ಬೇರು ಇರೋದು ಅದೇ ಕಂಪನಿಯಲ್ಲಿ. ಮುಂದೆ ಲಿವರ್‌ಪೂಲಿಗೆ ಹೋದ ಪಾಲ್ಲಿಸ್, ಬೈಬಲಿನ ಸುವಾರ್ತೆಯನ್ನ ಆಡುಮಾತಿನ ಗ್ರೀಕಿಗೆ ತಂದ. 'ಅಕ್ರೊಪೊಲಿಸ್' ಅನ್ನೋ ಪತ್ರಿಕೆ ಅದನ್ನ ಕಂತುಗಳಲ್ಲಿ ಹಾಕೋಕೆ ಶುರುಮಾಡ್ತು. ಊರಿಗೆ ಬೆಂಕಿ ಬಿದ್ದ ಹಾಗಾಯ್ತು. ಸುವಾರ್ತೆ ಮೊದಲು ಬರೆದದ್ದೇ ಗ್ರೀಕಿನಲ್ಲಿ. ಗ್ರೀಕನ್ನ ಗ್ರೀಕಿಗೇ ಅನುವಾದ ಮಾಡೋದು ಅಂದ್ರೆ, ನಿಮ್ಮ ಪೂರ್ವಜರ ಭಾಷೆ ನಿಮಗೆ ಅರ್ಥವಾಗಲ್ಲ ಅಂತ ಮುಖಕ್ಕೆ ಹೇಳಿದ ಹಾಗಲ್ಲವಾ? ದೇಶ ಒಡೆಯೋ ಪಿತೂರಿ ಇದು ಅಂತಲೂ ಕೂಗೆದ್ದಿತು.

ಬೀದಿಗಿಳಿದವರು ಮಠದ ಮುದುಕರಷ್ಟೇ ಅಲ್ಲ. ಮುಂದೆ ನಿಂತವರು ಇದೇ ಯೂನಿವರ್ಸಿಟಿಯ ವಿದ್ಯಾರ್ಥಿಗಳು, ಇಪ್ಪತ್ತರ ಆಸುಪಾಸಿನ ಹುಡುಗರು. ಅನುವಾದದ ಪರವಾಗಿ ಅಲ್ಲ, ವಿರುದ್ಧವಾಗಿ. ಪತ್ರಿಕೆಯ ಕಚೇರಿಗೆ ನುಗ್ಗಿದರು, ಈ ಕಟ್ಟಡವನ್ನ ತಮ್ಮ ಕೈಗೆ ತಗೊಂಡರು. ನವೆಂಬರಿನಲ್ಲಿ ನಡೆದ ದೊಡ್ಡ ಪ್ರತಿಭಟನೆಯ ದಿನ ಸೈನ್ಯ ಗುಂಡು ಹಾರಿಸಿ ಎಂಟು ಜನ ಸತ್ತರು. ಅಥೆನ್ಸಿನ ಮೆಟ್ರೊಪಾಲಿಟನ್ ಬಿಷಪ್ ರಾಜೀನಾಮೆ ಕೊಟ್ಟರು, ಸರ್ಕಾರವೂ ಬಿತ್ತು.

ಇದು ನನಗೆ ನುಂಗೋಕೆ ಕಷ್ಟವಾಯ್ತು. ಹುಡುಗರು ಅಂದ್ರೆ ಆಡುಮಾತಿನ ಕಡೆ, ಮುದುಕರು ಅಂದ್ರೆ ಪುಸ್ತಕದ ಕಡೆ ಅನ್ನೋದು ನನ್ನ ಲೆಕ್ಕ. ಅಲ್ಲಿ ಅದು ತಲೆಕೆಳಗಾಗಿತ್ತು. ಆ ಹುಡುಗರನ್ನ ದಡ್ಡರು ಅನ್ನೋಕೂ ಮನಸ್ಸು ಬರಲಿಲ್ಲ. ಇರೋದು ಪುಟ್ಟ ಬಡ ದೇಶ. ಹೆಮ್ಮೆಗೆ ಅಂತ ಇದ್ದದ್ದು ಗುಡ್ಡದ ಮೇಲಿನ ಕಲ್ಲು ಮತ್ತು ಹಳೆಯ ಮಾತು, ಎರಡೇ. ಕಲ್ಲನ್ನ ನೋಡಿ ಹೊಸ ಕಲ್ಲು ಕಟ್ಟಿದ ಹಾಗೆ, ಮಾತನ್ನ ನೋಡಿ ಹೊಸ ಮಾತು ಕಟ್ಟಿದ್ದರು. ಅದನ್ನ ಮುಟ್ಟಿದ್ರೆ ತಮ್ಮನ್ನೇ ಮುಟ್ಟಿದ ಹಾಗೆ ಅನಿಸಿರಬೇಕು. ನಮ್ಮ ಸೀನಿಯರ್ 'ಗೌಪ್ಯಪದ'ವನ್ನ ಗಟ್ಟಿಯಾಗಿ ಹಿಡ್ಕೊಂಡಿರೋದೂ ಇಂಥದ್ದೇ ಭಯದಿಂದ ಇರಬಹುದು. ಆದ್ರೂ ನನ್ನ ವೋಟು ಅಜ್ಜಿಗೇ. ಕಂಬ ಚೆನ್ನಾಗಿದ್ರೆ ದೂರದಿಂದ ನೋಡಿ ಖುಷಿಪಡಬಹುದು. ಪಿಂಚಣಿಯ ಕಾಗದ ಹಾಗಲ್ಲ, ಅದರ ಒಳಗೆ ಹೋಗೋಕೆ ಬರಬೇಕು.

ಇದೇ ಕಟ್ಟಡದಲ್ಲಿ ಆ ಕಾಲಕ್ಕೆ ಇನ್ನೊಬ್ಬರಿದ್ದರು, ಕೊಸ್ತಿಸ್ ಪಾಲಮಾಸ್. ಒಲಿಂಪಿಕ್ ಗೀತೆ ಬರೆದ ಕವಿ. ಹೊಟ್ಟೆಪಾಡಿಗೆ ಅವರು ಮಾಡ್ತಿದ್ದದ್ದು ಯೂನಿವರ್ಸಿಟಿಯ ಕಾರ್ಯದರ್ಶಿ ಕೆಲಸ, ಮೂವತ್ತು ವರ್ಷದಷ್ಟು. ಕಡತದಲ್ಲಿ ಕಥರೇವುಸಾ, ಕವಿತೆಯಲ್ಲಿ ಆಡುಮಾತು. 1911ರಲ್ಲಿ ದೇಶದ ಸಂವಿಧಾನದಲ್ಲೇ ಅಧಿಕೃತ ಭಾಷೆಗೆ ರಕ್ಷಣೆ ಬರೆದಿಟ್ಟರು. ಆಡುಮಾತಿನ ಪರ ಇದ್ದದ್ದಕ್ಕೆ ಪಾಲಮಾಸರನ್ನ ಅದೇ ವರ್ಷ ಸ್ವಲ್ಪ ಕಾಲ ಕೆಲಸದಿಂದ ಅಮಾನತು ಮಾಡಿದರು. ಆಫೀಸಿನಲ್ಲಿ ಒಂದು ಭಾಷೆ ಬರೆದು ಮನೆಗೆ ಬಂದು ಇನ್ನೊಂದು ಬರೆಯೋ ಆ ಗುಮಾಸ್ತ ಕವಿಯ ಮೇಲೆ ನನಗೆ ಈ ಪ್ರವಾಸದಲ್ಲಿ ಬಂದಷ್ಟು ಪ್ರೀತಿ ಯಾವ ದೇವಸ್ಥಾನದ ಮೇಲೂ ಬರಲಿಲ್ಲ.

ಜಗಳ ಮುಗಿಯೋಕೆ ಇನ್ನೂ ಬಹಳ ಕಾಲ ಹಿಡೀತು. 1967ರಿಂದ 1974ರವರೆಗೆ ಸೇನಾಧಿಕಾರಿಗಳು ಆಳಿದಾಗ ಕಥರೇವುಸಾವನ್ನೇ ಮತ್ತೆ ಶಾಲೆಗಳ ಮೇಲೆ ಹೇರಿದರು. ಗೆಳತಿಯ ಅಪ್ಪನಿಗೆ ಏಟು ಬಿದ್ದದ್ದು ಆಗ. 'ನನ್ನ ಮನೆ' ಅಂತ ಪ್ರಬಂಧ ಬರೆಯೋಕೆ ಹೇಳಿದ್ದರಂತೆ, ಹುಡುಗ 'ಸ್ಪಿತಿ' ಅಂತ ಬರೆದಿದ್ದನಂತೆ. ಸೇನಾಡಳಿತ ಹೋದ ಮೇಲೆ, 1976ರಲ್ಲಿ ಜನರ ಮಾತೇ ಶಾಲೆಯ, ಸರ್ಕಾರದ ಭಾಷೆ ಅಂತ ಕಾನೂನಾಯ್ತು. "ಅಪ್ಪ ಈಗ ಸರ್ಕಾರಿ ಕಾಗದ ಬಂದ್ರೆ ಜೋರಾಗಿ ಓದ್ತಾರೆ, ಸುಮ್ಮನೆ, ಅರ್ಥವಾಗುತ್ತೆ ಅನ್ನೋ ಖುಷಿಗೆ" ಅಂದಳು.

ನೋಡೋಕೆ ಹೋಗೋದಾದ್ರೆ ಮೆಟ್ರೋದ ಎರಡನೇ ಲೈನಿನಲ್ಲಿ ಪನೆಪಿಸ್ತಿಮಿಯೊ ನಿಲ್ದಾಣದಲ್ಲಿ ಇಳೀರಿ, ಹೊರಗೆ ಬಂದ್ರೆ ಎದುರಿಗೇ ಸಿಗುತ್ತೆ. ಪಾಠಗಳು ಬಹುತೇಕ ಊರಾಚೆಯ ಕ್ಯಾಂಪಸ್ಸಿಗೆ ಹೋಗಿವೆ, ಇಲ್ಲಿರೋದು ಆಡಳಿತ ಕಚೇರಿ ಮತ್ತು ಸಮಾರಂಭದ ಹಾಲ್. ನಾವು ಹೋದಾಗ ಒಳಗೆ ಬಿಡಲಿಲ್ಲ, ಹೊರಗಿನಿಂದ ನೋಡೋಕೆ ಟಿಕೆಟ್ಟೇನೂ ಬೇಕಿಲ್ಲ. ಅಥೆನ್ಸಿನ ಮೆರವಣಿಗೆಗಳು ಈಗಲೂ ಇಲ್ಲಿಂದಲೇ ಹೊರಡೋದು ವಾಡಿಕೆ. ನಾವು ಏಳೋ ಹೊತ್ತಿಗೆ ಒಂದು ಗುಂಪು ಬಟ್ಟೆಯ ಬ್ಯಾನರ್ ಬಿಚ್ಚುತ್ತಾ ಇತ್ತು. ಏನು ಬರೆದಿದೆ ಅಂತ ಕೇಳಿದೆ. "ಬಾಡಿಗೆ ಜಾಸ್ತಿಯಾಯ್ತು ಅಂತ" ಅಂದಳು ಗೆಳತಿ. ಮನೆಗೆ ಯಾವ ಪದ ಹಾಕಿದ್ದಾರೆ ಅಂತ ಕೇಳಿದ್ದಕ್ಕೆ ಜೋರಾಗಿ ನಕ್ಕಳು. 'ಸ್ಪಿತಿ'.