ಪ್ರಾರಂಭೋತ್ಸವದ ದಿನ ಅವ್ವಂದಿರು ಕಾಂಪೌಂಡಿನ ಆಚೆ ಯಾಕೆ ನಿಲ್ಲಬೇಕು?

ಹೋದ ಸಂಚಿಕೆಯಲ್ಲಿ ‘ಶಾಲೆಯ ಮೊದಲ ದಿನ’ ಎಂಬ ವಿಷಯದ ಮೇಲೆ ನಾಲ್ಕು ಜನ ಬರೆದಿದ್ದರು. ಎಲ್ಲರೂ ಮಾವಿನ ತೋರಣ, ಗುಲಾಬಿ ಹೂವು, ಕೇಸರಿಬಾತು, ಹೊಸ ಪುಸ್ತಕದ ವಾಸನೆ ಅಂತಲೇ ಬರೆದಿದ್ದಾರೆ. ಚೆನ್ನಾಗಿದೆ. ಆದರೆ ಆ ದಿನ ಹೊಂಗೆಮರದ ಕೆಳಗೆ ನಿಂತಿದ್ದವರ ಬಗ್ಗೆ ಯಾರೂ ಒಂದು ಸಾಲೂ ಬರೆದಿಲ್ಲ. ಅವರಲ್ಲಿ ನಮ್ಮವ್ವನೂ ಇದ್ದಳು. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಈ ವರ್ಷ, ಅಂದರೆ 2025ರಲ್ಲಿ, ಶಾಲೆ ತೆರೆದದ್ದು ಮೇ 29ಕ್ಕೆ. ಅವ್ವ ಮಾತ್ರ ಈಗಲೂ ‘ಜೂನ್ ಒಂದು’ ಅಂತಲೇ ಹೇಳುತ್ತಾಳೆ. ಪ್ರಾರಂಭೋತ್ಸವದ ದಿನ ನನ್ನ ತಮ್ಮನನ್ನು ಒಂದನೇ ತರಗತಿಗೆ ಬಿಡಲು ಬಂದಳು. ಅವನು ಅವ್ವನ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡು ಬಿಡಲೇ ಇಲ್ಲ. ಟೀಚರು ಒಂದೊಂದೇ ಬೆರಳು ಬಿಡಿಸಿ ಅವನನ್ನು ಒಳಗೆ ಕರೆದುಕೊಂಡು, “ನೀವು ಹೋಗೀಮ್ಮ, ನೀವಿದ್ರೆ ಇನ್ನೂ ಅಳ್ತಾನೆ” ಎಂದರು. ಅವ್ವ ಗೇಟಿನ ಆಚೆ ಹೋದಳು. ಆದರೆ ಮನೆಗೆ ಹೋಗಲಿಲ್ಲ. ಪ್ರಾರ್ಥನೆ ಮುಗಿಯಿತು, ಹಾಲು ಕುಡಿದಿದ್ದಾಯಿತು, ಆಗಲೂ ಮರದ ಕೆಳಗೇ ಇದ್ದಳು. ಅಲ್ಲಿ ಇನ್ನೂ ಮೂರು ಜನ ಇದ್ದರು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದುದನ್ನು ನಮ್ಮ ತರಗತಿಯ ಹುಡುಗರು ಕಿಟಕಿಯಿಂದ ನೋಡಿ ಕಿಸಕಿಸ ನಕ್ಕರು. ಯಾರು ಅಂತ ಹೆಸರು ಬರೆಯುವುದಿಲ್ಲ, ಅವರಿಗೇ ಗೊತ್ತು. ಆದರೆ ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ, “ಮಾನ ಕಳೀಬೇಡ, ಮನೆಗೋಗವ್ವ” ಅಂದುಬಿಟ್ಟೆ. ಅವಳು ಒಂದು ಮಾತೂ ಆಡದೆ ಹೊರಟುಹೋದಳು.

ಆ ದಿನದ ಕೂಲಿಯನ್ನೂ ಅವಳು ಬಿಟ್ಟಿದ್ದಳು. ನಮ್ಮ ಶಿರಾ ಸೀಮೆಯಲ್ಲಿ ರೋಹಿಣಿ ಮಳೆಗೂ ಶಾಲೆಗೂ ಒಂದೇ ಮುಹೂರ್ತ. ಅಪ್ಪ ರೈತ ಸಂಪರ್ಕ ಕೇಂದ್ರದಲ್ಲಿ ಕಡಲೆಕಾಯಿ ಬೀಜ ಯಾವಾಗ ಕೊಡುತ್ತಾರೆ ಅಂತ ದಿನಾ ವಿಚಾರಿಸುತ್ತಿರುತ್ತಾರೆ. ಹೊಲ ಉಳಿಸಲು ಟ್ರ್ಯಾಕ್ಟರಿಗೆ ದುಡ್ಡು ಬೇಕು. ಪಠ್ಯಪುಸ್ತಕ, ಸಮವಸ್ತ್ರ ಸರ್ಕಾರ ಕೊಡುತ್ತದೆ, ನಿಜ. ಆದರೆ ನೋಟ್‌ಬುಕ್ಕು, ಬ್ಯಾಗು, ಜಾಮಿಟ್ರಿ ಬಾಕ್ಸು ನಾವೇ ತರಬೇಕು. ನಾವು ಮಾತ್ರ ‘ಉದ್ದ ನೋಟ್‌ಬುಕ್ಕೇ ಬೇಕು’ ಅಂತ ಹಟ ಮಾಡುತ್ತೇವೆ. ಇನ್ನೊಂದು ಕಡೆ ಬೆಳಿಗ್ಗೆ ಎಂಟಕ್ಕೆ ಹಳದಿ ವ್ಯಾನು ಬಂದು ನಮ್ಮ ಬೀದಿಯ ಐದು ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತದೆ. “ಇರೋನೊಬ್ಬ ಗಂಡುಮಗ, ಇಂಗ್ಲಿಷ್ ಮೀಡಿಯಂಗೆ ಹಾಕ್ಬಾರ್ದೇನಕ್ಕ” ಅಂತ ನಮ್ಮ ಚಿಕ್ಕಮ್ಮ ಹೇಳಿದಾಗಿನಿಂದ ಅವ್ವನಿಗೆ ರಾತ್ರಿ ನಿದ್ದೆಯಿಲ್ಲ, ತಪ್ಪು ಮಾಡುತ್ತಿದ್ದೇನೋ ಏನೋ ಅಂತ. ನನ್ನನ್ನು ಸೇರಿಸುವಾಗ ಈ ಮಾತನ್ನು ಯಾರೂ ಹೇಳಿರಲಿಲ್ಲವಂತೆ. ಅದನ್ನು ಇಲ್ಲಿಗೇ ಬಿಡುತ್ತೇನೆ.

ಆ ರಾತ್ರಿ ನಾನು ಹೆದರುತ್ತಲೇ “ಯಾಕವ್ವ ಅಳ್ತಿದ್ದೆ?” ಎಂದು ಕೇಳಿದೆ. ಅವಳು ರೊಟ್ಟಿ ತಟ್ಟುತ್ತಾ ತನ್ನ ಕಥೆ ಹೇಳಿದಳು. 2000ನೇ ಇಸವಿಯಲ್ಲಿ ಅವಳು ನಾಲ್ಕು ಪಾಸಾಗಿ ಐದಕ್ಕೆ ಹೋಗಬೇಕಿತ್ತು. ಮೇಲಿನ ತರಗತಿಯ ಹುಡುಗಿಯ ಹಳೇ ಪುಸ್ತಕಗಳನ್ನು ಅರ್ಧ ಬೆಲೆಗೆ ಮಾತಾಡಿ, ರಟ್ಟು ಹಾಕಲು ಹಳೇ ಪೇಪರು ಸಹ ಜೋಡಿಸಿಟ್ಟಿದ್ದಳಂತೆ. ಆದರೆ ಆ ವರ್ಷ ನಮ್ಮ ಚಿಕ್ಕ ಮಾವ ಹುಟ್ಟಿದ್ದರು. ಅಜ್ಜಿ ಬಿತ್ತನೆಗೆ ಹೋದರೆ ಕೂಸನ್ನು ನೋಡುವವರು ಯಾರು? ಆಗ ಶಾಲೆಯಲ್ಲಿ ಬಿಸಿಯೂಟ ಇರಲಿಲ್ಲ, ತಪ್ಪದೆ ಹೋಗುವ ಮಕ್ಕಳಿಗೆ ತಿಂಗಳಿಗೆ 3 ಕೆ.ಜಿ. ಅಕ್ಕಿ ಕೊಡುತ್ತಿದ್ದರು. “ಅಕ್ಕಿ ಹೋದ್ರೂ ಹೋಗ್ಲಿ, ನೀನು ಮನೇಲಿರು” ಅಂದರಂತೆ ಅಜ್ಜಿ. ಶಾಲೆ ಶುರುವಾದ ದಿನ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಅವ್ವ ಶಾಲೆಯ ಆಚೆ ನಿಂತು ನೋಡಿದ್ದಳಂತೆ. ಹಾಜರಿ ಕೂಗುವಾಗ ಮೇಷ್ಟ್ರು ಅವಳ ಹೆಸರನ್ನೂ ಕೂಗಿದರಂತೆ. ಅವಳು ಆಚೆಯಿಂದಲೇ ಬಾಯಲ್ಲೇ ‘ಹಾಜರ್ ಸಾರ್’ ಅಂದುಕೊಂಡಳಂತೆ.

ಅಂಥವಳಿಗೆ ನಾನು ಮನೆಗೋಗು ಅಂದೆ.

ನನ್ನ ಅಭಿಪ್ರಾಯವೇನೆಂದರೆ, ಮಕ್ಕಳನ್ನು ಶಾಲೆಗೆ ಬಿಟ್ಟ ದಿನ ತಂದೆತಾಯಿಗಳಿಗೆ ಆಗುವುದು ಬರೀ ಸಂತೋಷವೂ ಅಲ್ಲ, ಬರೀ ದುಃಖವೂ ಅಲ್ಲ. ಅದರಲ್ಲಿ ಅವರ ಹಳೇ ದಿನಗಳೂ ಸೇರಿರುತ್ತವೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದ್ದು ನಿಮಗೂ ನೆನಪಿರಬಹುದು. ಆಮೇಲೆ ಅರಳಿಕಟ್ಟೆಯ ಮೇಲೆ ಕೆಲವು ದಿನ ವಿದ್ಯಾಗಮ ನಡೆಯಿತು, ಅದೂ ನಿಂತಿತು. ಚಿಕ್ಕ ತರಗತಿಗಳ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಲ್ಲಿಯವರೆಗೆ ನಾವು ಮರಕೋತಿ ಆಡಿಕೊಂಡು ಖುಷಿಯಾಗಿದ್ದೆವು. ಅವ್ವ ಮಾತ್ರ ‘ಇವಳೂ ನನ್ನಂಗೇ ಆಗ್ತಾಳೆ’ ಅಂತ ಅಪ್ಪನ ಹತ್ತಿರ ಹೇಳುತ್ತಿದ್ದಳು. ಆಗ ನನಗೆ ಅರ್ಥವಾಗಿರಲಿಲ್ಲ.

ಆದ್ದರಿಂದ ಮುಂದಿನ ವರ್ಷ ಒಂದನೇ ತರಗತಿಗೆ ಬಿಡಲು ಬರುವವರನ್ನು ಆ ಒಂದು ದಿನ ಮಾತ್ರ ಜಗಲಿಯಲ್ಲಿ ಕೂರಿಸಬೇಕು. ಮಧ್ಯಾಹ್ನದ ಊಟ ನಮ್ಮ ಜೊತೆಗೇ ಮಾಡಲಿ. ತಾಯಿ ಎದುರಿಗಿದ್ದರೆ ಮಗು ಹೆಚ್ಚು ಅಳುತ್ತದೆ ಅಂತ ಟೀಚರು ಹೇಳುವುದು ಸುಳ್ಳಲ್ಲ, ನನ್ನ ತಮ್ಮನೇ ಸಾಕ್ಷಿ. ಅವ್ವ ಹೋದ ಕಾಲು ಗಂಟೆಗೆಲ್ಲ ಅವನು ಪಕ್ಕದವನ ಬಳಪ ಕಿತ್ತುಕೊಂಡು ತಿನ್ನುತ್ತಿದ್ದ. ಆದರೂ ಕೇಳುತ್ತೇನೆ. ಮಗು ಸುಮ್ಮನಾಗಿದ್ದು ಒಳಗಿದ್ದ ನಮಗೆ ಗೊತ್ತು, ಹೊರಗೆ ಮರದ ಕೆಳಗಿದ್ದವಳಿಗೆ ಹೇಳಿದವರು ಯಾರು? ಜಗಲಿಯಲ್ಲಿ ಕೂರಿಸುವುದು ಆಗದಿದ್ದರೆ ಏಳನೆಯವರು ಒಬ್ಬರು ಗೇಟಿನ ತನಕ ಹೋಗಿ ಹೇಳಿಬಂದರೂ ಸಾಕು.

ಇನ್ನೊಂದು ಮಾತಿದೆ, ಅದು ನಮ್ಮ ತರಗತಿಯದ್ದು. ನಮ್ಮ ಶಾಲೆ ಏಳಕ್ಕೇ ಮುಗಿಯುತ್ತದೆ. ಹೈಸ್ಕೂಲು ಐದು ಕಿ.ಮೀ. ದೂರ. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ರೊಟ್ಟಿ ತಟ್ಟಿ ಮುಗಿಸಿದ ಮೇಲೆ ಅವ್ವ ಕೊನೆಗೆ ಹೇಳಿದ್ದು ಇದನ್ನೇ. “ಅವನ್ಗೋಸ್ಕರ ಅಲ್ಲ ಕಣೇ ಅತ್ತಿದ್ದು. ಬರೋ ವರ್ಷ ಇಷ್ಟೊತ್ಗೆ ನಿನ್ನ ಯಾವ ಮರದ ಕೆಳ್ಗೆ ನಿಂತು ನೋಡ್ಲಿ?” ಅಪ್ಪ ಕೇಳಿಸಿಕೊಂಡರು, ಏನೂ ಮಾತಾಡಲಿಲ್ಲ. ಹೋದ ವರ್ಷ ಏಳನೇ ತರಗತಿ ಮುಗಿಸಿದ ಹುಡುಗಿಯರಲ್ಲಿ ಇಬ್ಬರು ಈಗ ಮನೆಯಲ್ಲಿದ್ದಾರೆ. ಅವರ ಅಪ್ಪಂದಿರೂ ಮೊದಲು ಏನೂ ಮಾತಾಡಿರಲಿಲ್ಲ. ಹೆದರಿಕೆ ಇರಲಿ, ಬೇಡ ಅನ್ನುವುದಿಲ್ಲ. ಆದರೆ ನೋಡದೇ ಇರುವ ಜಾಗಕ್ಕೆ ಹೆದರುವುದು ಬೇಡ. ಪರೀಕ್ಷೆಗೆ ಮೊದಲೇ ಒಂದು ದಿನ ನಮ್ಮ ಗುರುಗಳು, ಎಸ್‌ಡಿಎಂಸಿಯವರು ಸೇರಿ ಏಳನೇ ತರಗತಿಯವರ ತಂದೆತಾಯಿಗಳನ್ನು ಅದೇ ಬಸ್ಸಿನಲ್ಲಿ ಹೈಸ್ಕೂಲಿಗೆ ಕರೆದುಕೊಂಡು ಹೋಗಬೇಕು. ಅಲ್ಲಿನ ಕೊಠಡಿ, ಶೌಚಾಲಯ, ಬಸ್ ನಿಲ್ಲುವ ಜಾಗ ಎಲ್ಲ ಅವರು ಕಣ್ಣಾರೆ ನೋಡಲಿ. ಅಪ್ಪಂದಿರು ತಪ್ಪದೆ ಬರಬೇಕು.

ಅವ್ವನಿಗೆ ಓದಲು ಬರುತ್ತದೆ. ನಿಧಾನ, ಬೆರಳಿಟ್ಟು ಓದುತ್ತಾಳೆ. ಶನಿವಾರ ಪೋಷಕರ ಸಭೆಗೆ ಬರುತ್ತಾಳಂತೆ. ದಯವಿಟ್ಟು ಅಲ್ಲಿಯವರೆಗೆ ಈ ಹಾಳೆಯನ್ನು ಗೋಡೆಯಿಂದ ತೆಗೆಯಬಾರದೆಂದೂ, ಇದರ ಮೇಲೆ ಚಿತ್ರ ಅಂಟಿಸಬಾರದೆಂದೂ ಸಂಪಾದಕ ಮಂಡಳಿಯವರನ್ನು ಕೇಳಿಕೊಳ್ಳುತ್ತೇನೆ.

– ಏಳನೇ ತರಗತಿಯ ವಿದ್ಯಾರ್ಥಿನಿ